ಮಸೂದೆಯ ದಿನದ ಎದೆನೋವು

ನನ್ನ ತಮ್ಮನಿಗೆ ಸುಳ್ಳು ಹೇಳಲು ಚಿಕ್ಕಂದಿನಿಂದಲೂ ಸರಿಯಾಗಿ ಬರುವುದಿಲ್ಲ. ಹೇಳುತ್ತಿರಲಿಲ್ಲ ಅಂತಲ್ಲ, ಧಾರಾಳವಾಗಿ ಹೇಳುತ್ತಿದ್ದ. ಆದರೆ ಹೇಳುವಾಗ ಅವನ ಕಾಲಿನ ಹೆಬ್ಬೆರಳು ತಾನಾಗಿ ಮೇಲೇಳುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ನಾನು. ಹಾಗಾಗಿ ಈ ಹೆಬ್ಬೆರಳಿನ ವಿಷಯ ನನಗೊಬ್ಬಳಿಗೇ ಗೊತ್ತು. ಅವನು ಓದಿ ವಕೀಲನಾಗಿ, ಆಮೇಲೆ ಸಂಸತ್ತಿನ ಸದಸ್ಯನೂ ಆಗಿ, ಬೂಟು ಹಾಕಲು ಶುರುಮಾಡಿದ. ದೇಶಕ್ಕೆ ಅವನ ಹೆಬ್ಬೆರಳು ಕಾಣದಂತಾಯಿತು.

ಆ ದಿನ ಬೆಳಿಗ್ಗೆ ನಾನು ಇಸಿಜಿ ಮೆಷಿನ್ನಿನ ಗಾಡಿ ತಳ್ಳಿಕೊಂಡು ಸ್ಪೆಷಲ್ ವಾರ್ಡಿನ ಕೊನೆಯ ಕೋಣೆಗೆ ಓಡಿದೆ. ಓಡಿದೆ ಎಂದರೆ ನಿಜವಾಗಿ ಓಡಿದೆ, ಒಂದು ಚಪ್ಪಲಿ ಲಿಫ್ಟಿನ ಹತ್ತಿರವೇ ಉಳಿಯಿತು. "ನಿಮ್ಮ ತಮ್ಮಂಗೆ ಎದೆನೋವಂತೆ, ಬೇಗ ಬನ್ನಿ" ಎಂದು ವಾರ್ಡಿನ ನರ್ಸು ಫೋನ್ ಮಾಡಿದ್ದಳು. ಜನರ ಎದೆಗೆ ತಂತಿ ಹಚ್ಚಿ ಹೃದಯದ ಬಡಿತದ ಪಟ್ಟಿ ತೆಗೆಯುವುದೇ ಈ ಆಸ್ಪತ್ರೆಯಲ್ಲಿ ನನ್ನ ಕೆಲಸ. ಎಂಥೆಂಥವರ ಎದೆಯನ್ನೋ ನೋಡಿದ್ದೇನೆ. ಆದರೂ ಅವನಿಗೇನಾದರೂ ಆದರೆ ಎಂಬ ಭಯ ಒಂದು ಕಡೆ, ಹಾಳಾದ್ದು ಇವತ್ತೇ ಆಗಬೇಕಿತ್ತೇ ಎಂಬ ಸಂಕಟ ಇನ್ನೊಂದು ಕಡೆ. ಅವತ್ತು ಮಧ್ಯಾಹ್ನ ಸಂಸತ್ತಿನಲ್ಲಿ ಧೂಳಿನ ಮಸೂದೆ ಮತಕ್ಕೆ ಬರುವುದಿತ್ತು.

ಧೂಳಿನ ಮಸೂದೆ ಎಂದು ಹೆಸರಿಟ್ಟದ್ದು ನಾವು. ನಮ್ಮ ಬೀದಿಯ ಆಚೆ ಬಿಳಿಕಲ್ಲು ಅರೆಯುವ ಮಿಲ್ಲಿದೆ. ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಮಾಡಿ ಚೀಲಕ್ಕೆ ತುಂಬುತ್ತಾರೆ. ಅದು ಗಾಜಿಗೆ, ಬಣ್ಣಕ್ಕೆ, ಪಿಂಗಾಣಿಗೆ ಹೋಗುತ್ತದೆ. ಅಲ್ಲಿಗೆಲ್ಲ ಹೋಗಿ ಮಿಕ್ಕಿದ್ದು ಅರೆಯುವವರ ಎದೆಯೊಳಗೆ ಹೋಗುತ್ತದೆ. ನನ್ನ ಗಂಡ ಮೊದಲು ಅಲ್ಲಿ ಚೀಲ ಹೊರುತ್ತಿದ್ದರು. ತಮ್ಮನ ವಕೀಲಿ ಓದಿನ ಫೀಸಿಗೆ ದುಡ್ಡು ಸಾಲದೆ ಬಂದಾಗ, ಸಂಬಳ ಹೆಚ್ಚು ಎಂದು ತಾವಾಗಿ ಕೇಳಿಕೊಂಡು ಅರೆಯುವ ಕೋಣೆಗೆ ಹೋದರು. "ಅವನು ಓದಿ ಮುಗಿಸೋ ತನಕ ತಾನೇ" ಎಂದಿದ್ದರು. ಅವನು ಓದಿ ಮುಗಿಸಿದ, ಇವರು ಕೆಮ್ಮಲು ಶುರುಮಾಡಿದರು. ಈಗ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಎರಡು ಕಡೆ ಕೂರುತ್ತಾರೆ.

ಮಿಲ್ಲಿನ ಧಣಿಗಳು ಧೂಳು ಹೀರುವ ಯಂತ್ರ ಕೂರಿಸಲೇಬೇಕು, ಎದೆ ಕೆಟ್ಟವರ ಔಷಧದ ಖರ್ಚನ್ನು ಅವರು ಬದುಕಿರುವ ತನಕ ಭರಿಸಲೇಬೇಕು. ಮಸೂದೆಯಲ್ಲಿದ್ದದ್ದು ಇಷ್ಟೇ. ಇಷ್ಟನ್ನೇ ಬಾಯಿಪಾಠ ಮಾಡಿಕೊಂಡು ನನ್ನ ತಮ್ಮ ಚುನಾವಣೆಗೆ ನಿಂತು ಗೆದ್ದ. ಭಾವನನ್ನು ವೇದಿಕೆಯ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡು, "ಇವರು ನನ್ನ ಓದಿಗೆ ಉಸಿರು ಕೊಟ್ಟವರು" ಎಂದು ಭಾಷಣ ಮಾಡಿದ. ಜನ ಅತ್ತರು. ನಾನೂ ಅತ್ತೆ. ಮಸೂದೆಗೆ ಪರ ಇರುವವರು, ವಿರೋಧ ಇರುವವರು ಹೆಚ್ಚುಕಡಿಮೆ ಸರಿಸಮ ಇದ್ದಾರೆ, ಒಂದೊಂದು ಮತಕ್ಕೂ ಬೆಲೆ ಇದೆ ಎಂದು ವಾರದಿಂದ ಟೀವಿಯವರು ಬೊಬ್ಬೆ ಹೊಡೆಯುತ್ತಿದ್ದರು. ಬೆಲೆ ಇದೆ ಎಂಬುದನ್ನು ನಾನು ಗಾದೆಮಾತಿನ ಹಾಗೆ ಕೇಳಿಸಿಕೊಂಡಿದ್ದೆ.

ಕೋಣೆಯೊಳಗೆ ಎಸಿ ಹಾಕಿ ತಣ್ಣಗೆ ಮಾಡಿದ್ದರು. ನನ್ನ ತಮ್ಮ ಆಸ್ಪತ್ರೆಯ ನಿಲುವಂಗಿ ತೊಟ್ಟು ಮಲಗಿದ್ದ. ಪಕ್ಕದಲ್ಲಿ ಅವನ ಆಪ್ತ ಸಹಾಯಕ. ಎರಡು ಕೈಯಲ್ಲಿ ಎರಡು ಫೋನ್ ಹಿಡಿದೇ ಇರುವುದರಿಂದ ನಾನು ಅವನನ್ನು ಎರಡು ಫೋನಿನವನು ಎಂದೇ ಕರೆಯುವುದು. ಕಿಟಕಿಯ ಹತ್ತಿರ ನಮ್ಮ ಹೃದಯ ವಿಭಾಗದ ದೊಡ್ಡ ಡಾಕ್ಟರು ನಿಂತಿದ್ದರು. ಸಾಮಾನ್ಯವಾಗಿ ಹನ್ನೊಂದಕ್ಕೆ ಮೊದಲು ಅವರ ದರ್ಶನವಾಗುವುದಿಲ್ಲ.

"ಗುಂಡಾ, ಎಲ್ಲೋ ನೋವು?" ಎಂದೆ. ಸಂಸತ್ತಿನ ಸದಸ್ಯನನ್ನು ಹೊರಗಿನವರ ಮುಂದೆ ಗುಂಡ ಅನ್ನಬಾರದು ಎಂಬುದು ಆಗ ನೆನಪಾಗಲಿಲ್ಲ.

"ಇಲ್ಲಿ ಅಕ್ಕ" ಎಂದು ಎದೆಯ ಮಧ್ಯೆ ಕೈಯಿಟ್ಟ.

ಹೊದಿಕೆಯ ತುದಿಯಲ್ಲಿ ಹೆಬ್ಬೆರಳು ಎದ್ದು ನಿಂತಿತ್ತು.

ಮೊದಲು ನನಗಾದದ್ದು ಸಂತೋಷವೇ. ಏನೂ ಆಗಿಲ್ಲ, ನನ್ನ ಕೂಸು ಗಟ್ಟಿಮುಟ್ಟಾಗಿದೆ ಎಂದು ಜೀವ ಹಗುರಾಯಿತು. ಮರುಕ್ಷಣವೇ, ಹಾಗಾದರೆ ಇವತ್ತೇ ಯಾಕೆ ಬಂದು ಮಲಗಿದ್ದಾನೆ ಎಂಬ ಪ್ರಶ್ನೆ ಎದ್ದಿತು. ನಾನು ಡಾಕ್ಟರ ಮುಖ ನೋಡಿದೆ. ಅವರು ಕಿಟಕಿಯಾಚೆ ಕಾರು ನಿಲ್ಲಿಸುವ ಜಾಗವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಒಂದು ಪಟ್ಟಿ ತೆಗೀಬೇಕಮ್ಮ" ಎಂದರು. "ಕೈಯ ಕ್ಲಿಪ್ಪು ಇದ್ಯಲ್ಲ, ಅದನ್ನ... ಹೊಸಬರು ಹಾಕ್ತಾರಲ್ಲ, ಹಾಗೆ ಹಾಕಿ."

ಅದು ನಮ್ಮ ಕೆಲಸದವರಿಗೆ ಮಾತ್ರ ಗೊತ್ತಿರುವ ತಪ್ಪು. ಕೆಂಪು ಕ್ಲಿಪ್ಪು ಬಲಗೈಗೆ, ಹಳದಿ ಎಡಗೈಗೆ. ಅದಲುಬದಲಾದರೆ ಪಟ್ಟಿಯಲ್ಲಿ ಏಳಬೇಕಾದ ಗೆರೆ ಬೀಳುತ್ತದೆ, ಬೀಳಬೇಕಾದ್ದು ಏಳುತ್ತದೆ. ಗಟ್ಟಿ ಹೃದಯವೂ ರೋಗದ ಹೃದಯದಂತೆ ಕಾಣುತ್ತದೆ. ನಾನು ಸೇರಿದ ಹೊಸದರಲ್ಲಿ ಒಬ್ಬ ಪಾತ್ರೆ ಅಂಗಡಿಯವರಿಗೆ ಹೀಗೆ ಹಾಕಿಬಿಟ್ಟಿದ್ದೆ. ಅವರ ಹೆಂಡತಿ ಗೋಳೋ ಎಂದು ಅತ್ತು, ಇದೇ ಹೊತ್ತೆಂದು ಭಾವಮೈದುನ ಅಂಗಡಿಯ ಬೀಗದ ಕೈ ಕೇಳಿ, ಎರಡನೇ ಪಟ್ಟಿ ತೆಗೆಯುವಷ್ಟರಲ್ಲಿ ಅವರ ಮನೆತನವೇ ಇಬ್ಭಾಗವಾಗಿತ್ತು. ಆಮೇಲೆ ಇವತ್ತಿನವರೆಗೆ ಆ ತಪ್ಪು ನನ್ನ ಕೈಯಿಂದ ಆಗಿಲ್ಲ.

"ಅಷ್ಟಕ್ಕೆ ನಾನ್ಯಾಕೆ ಬೇಕು ಡಾಕ್ಟ್ರೇ? ನೀವೇ ಒಂದು ಚೀಟಿ ಬರೆದುಬಿಟ್ರಾಯ್ತಲ್ಲ."

"ಛೆ ಛೆ! ನಾನು ಸುಳ್ಳು ಬರೆಯೋನಲ್ಲಮ್ಮ. ಪಟ್ಟಿಯಲ್ಲಿ ಏನಿರುತ್ತೋ ಅದನ್ನೇ ಬರೀತೀನಿ."

ಎರಡು ಫೋನಿನವನು ನಡುವೆ ಬಾಯಿ ಹಾಕಿದ. "ಬೇರೆಯವ್ರನ್ನ ಕರೀಬಹುದಿತ್ತು ಮೇಡಂ. ಅಕ್ಕ ಆದ್ರೆ ಮಾತು ಮನೆಯೊಳಗೇ ಇರುತ್ತೆ ಅಂತ ಸಾಹೇಬ್ರೇ ಹೇಳಿದ್ರು."

ನಾನು ತಮ್ಮನ ಎದೆಗೆ ಜೆಲ್ ಹಚ್ಚಿದೆ. ಕೆಂಪನ್ನು ಬಲಗೈಗೆ, ಹಳದಿಯನ್ನು ಎಡಗೈಗೆ ಸರಿಯಾಗಿ ಹಾಕಿ ಗುಂಡಿ ಒತ್ತಿದೆ. ಪಟ್ಟಿ ಸರಸರ ಹೊರಬಂತು. ಎತ್ತಿನ ಹೃದಯ. ನಾನು ತಿನ್ನಿಸಿದ ತುತ್ತು ಎಲ್ಲೂ ವ್ಯರ್ಥವಾಗಿರಲಿಲ್ಲ. ಪಟ್ಟಿಯನ್ನು ಹರಿದು ಅವನ ಹೊಟ್ಟೆಯ ಮೇಲಿಟ್ಟೆ.

"ಏಳೋ. ಬೂಟು ಹಾಕು. ಈಗ ವಿಮಾನ ಹತ್ತಿದ್ರೂ ಮತಕ್ಕೆ ಮುಟ್ತೀಯ."

ಡಾಕ್ಟರು ಗಂಟಲು ಸರಿಮಾಡಿಕೊಂಡು ಹೊರಗೆ ಹೋದರು. ಎರಡು ಫೋನಿನವನನ್ನು ತಮ್ಮನೇ ಕಣ್ಣಲ್ಲಿ ಹೊರಗೆ ಕಳಿಸಿದ. ಬಾಗಿಲು ಮುಚ್ಚಿತು. ಅವನು ಎದ್ದು ಕೂತು, ಚಿಕ್ಕವನಿದ್ದಾಗ ಕೂರುತ್ತಿದ್ದ ಹಾಗೆ ಮೊಣಕಾಲು ತಬ್ಬಿಕೊಂಡ.

"ನೀನು ಅಂದ್ಕೊಂಡಷ್ಟು ಸುಲಭ ಅಲ್ಲ ಅಕ್ಕ."

"ಅಲ್ಲಿ ಕೂತು ಮತಕ್ಕೆ ಒಂದು ಗುಂಡಿ ಒತ್ತೋದು ಏನೋ ಕಷ್ಟ? ದಿನಕ್ಕೆ ನೂರು ಸಲ ನಾನು ಒತ್ತಲ್ವಾ?"

"ಆ ಗುಂಡಿ ಮುಂದೆ ನನ್ನ ಕೂರಿಸಿದ್ದು ಯಾರು ಅಂದ್ಕೊಂಡಿದ್ದೀಯ?"

"ಜನ."

ನಕ್ಕುಬಿಟ್ಟ. ಕೆಟ್ಟ ನಗು ಅಲ್ಲ, ಸೋತ ನಗು. "ಜನ ಓಟು ಹಾಕ್ತಾರೆ ಅಷ್ಟೇ. ಅವ್ರ ಹತ್ರ ಹೋಗೋಕೆ ಜೀಪು ಬೇಕು, ಪೆಂಡಾಲು ಬೇಕು, ಪ್ರತಿ ಬೂತಿಗೂ ಆಳು ಬೇಕು, ಆ ಆಳುಗಳಿಗೆ ಊಟ ಬೇಕು. ಟಿಕೆಟ್ ಕೊಡೋ ಮುಂಚೆ ಪಾರ್ಟಿಯೋರು ಕೇಳಿದ್ದು ನನ್ನ ಓದಲ್ಲ, ನಿಷ್ಠೆಯಲ್ಲ. ಎಷ್ಟು ತರ್ತೀಯ ಅಂದ್ರು. ನಿಮ್ಮ ಮಿಲ್ಲಿನವ್ರು ಡಬ್ಬಿ ಹಿಡಿದು ಎತ್ತಿದ್ದು ಮೈಕಿನ ಬಾಡಿಗೆಗೂ ಸಾಲಲಿಲ್ಲ."

"ಮತ್ತೆ ಯಾರು ಕೊಟ್ರು?"

"ಎಲ್ರಿಗೂ ಕೊಡೋರೇ ಕೊಟ್ರು. ನನ್ನ ಎದುರಿಗೆ ನಿಂತಿದ್ನಲ್ಲ, ಅವನಿಗೂ ಅವ್ರೇ ಕೊಟ್ರು. ಯಾವ ಕುದುರೆ ಗೆದ್ರೂ ಲಾಯ ಅವ್ರದೇ."

"ಧಣಿಗಳಾ?"

ಅವನು ಮೊಣಕಾಲನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡ. ಅಷ್ಟು ಸಾಕಾಯಿತು. ನನಗೆ ಎಲ್ಲಿತ್ತೋ ಸಿಟ್ಟು ಬಂತು. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಗಾದೆ ಹೇಳುತ್ತಾರೆ, ಇಲ್ಲಿ ಮೇಯಲು ಬಂದವರೇ ಬೇಲಿಯನ್ನು ಬಾಡಿಗೆಗೆ ತಂದು ನೆಟ್ಟಿದ್ದರು. "ನಿನ್ನ ಫೀಸಿಗೆ ಅಂತ ಆ ಕೋಣೆಗೆ ಹೋದ್ರಲ್ಲೋ ನಿನ್ನ ಭಾವ! ಅವ್ರ ಎದೆ ಮೇಲೆ ಕಾಲಿಟ್ಟು ಹತ್ತಿದೆಯಲ್ಲೋ! ಈಗ ಅದೇ ಎದೇನ ಮಾರ್ಕೊಂಡ್ಯಾ? ಯಾವ ಮುಖ ಹೊತ್ಕೊಂಡು ನಮ್ಮ ಮನೆಗೆ ಊಟಕ್ಕೆ ಬರ್ತೀಯ?"

ನಾನು ಹೊಡೆಯುತ್ತೇನೆ ಎಂದುಕೊಂಡನೋ ಏನೋ, ತಲೆ ತಗ್ಗಿಸಿದ. ಹಾಗೆಯೇ ಮೆಲ್ಲಗೆ ಕೇಳಿದ.

"ಭಾವಂಗೆ ಉಸಿರಿನ ಮೆಷಿನ್ ತಂದ್ಕೊಟ್ಟಿದ್ದು ಯಾರು ಅಕ್ಕ?"

"ನೀನು."

"ಅದು ನನ್ನ ಸಂಬಳದಲ್ಲಿ ಬರುತ್ತಾ?"

ಅವನು ಗೆದ್ದು ಬಂದ ಹೊಸದರಲ್ಲಿ ಒಂದು ದಿನ ಜೀಪಿನಲ್ಲಿ ಆ ಮೆಷಿನ್ ತಂದಿದ್ದ. ಕರೆಂಟಿಗೆ ಹಾಕಿದರೆ ಸಾಕು, ಕೋಣೆಯ ಗಾಳಿಯಿಂದಲೇ ಆಮ್ಲಜನಕ ತೆಗೆದು ಕೊಳವೆಯಲ್ಲಿ ಕೊಡುತ್ತದೆ. ಇವರು ಬಾಗಿಲಲ್ಲಿ ನಿಂತು ಅವನನ್ನು ತಬ್ಬಿಕೊಂಡು, "ಮಗ ಇದ್ದಿದ್ರೂ ಇಷ್ಟು ಮಾಡ್ತಿರಲಿಲ್ಲ" ಎಂದಿದ್ದರು. ಅಂದಿನಿಂದ ಅದು ಹಗಲೂ ರಾತ್ರಿ ಗುರ್ ಎನ್ನುತ್ತ ನಮ್ಮ ಮಂಚದ ಪಕ್ಕ ನಿಂತಿದೆ. ತಿಂಗಳಿಗೊಮ್ಮೆ ರಿಪೇರಿಯವನು ಬಂದು, ದುಡ್ಡು ಕೇಳದೆ ಸರಿಮಾಡಿ ಹೋಗುತ್ತಾನೆ. ಯಾಕೆ ಕೇಳುವುದಿಲ್ಲ ಎಂದು ನಾನೂ ಕೇಳಿರಲಿಲ್ಲ.

"ಅವ್ರದಾ ಅದೂ?"

"ಅವ್ರದೇ."

ನಾನು ಅವನ ಹೆಬ್ಬೆರಳು ನೋಡಿದೆ. ಮಲಗಿತ್ತು. ನಿಜ ಹೇಳುತ್ತಿದ್ದ.

"ನಾಳೇನೇ ವಾಪಸ್ ಕಳಿಸ್ತೀನಿ" ಎಂದೆ.

"ಕಳಿಸು" ಎಂದ. ಅವನ ಕಣ್ಣು ತುಂಬಿಕೊಂಡಿತ್ತು. "ಆಮೇಲೆ ಭಾವನ್ನ ಎಲ್ಲಿಗೆ ಕಳಿಸ್ತೀಯ?"

ನನಗೆ ಅವನನ್ನು ಕೊಲ್ಲಬೇಕೆನಿಸಿತು. ತಬ್ಬಿಕೊಂಡು ಅಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಗೋಡೆಗೆ ಒರಗಿ ನಿಂತೆ. ಅಷ್ಟರಲ್ಲಿ ಡಾಕ್ಟರು ಒಳಗೆ ಬಂದರು. ನನ್ನ ಕಡೆ ನೋಡದೆ, ಕೋಟಿನ ತೋಳು ಮೇಲೆ ಸರಿಸಿ, ತಾವೇ ಕ್ಲಿಪ್ಪು ತೆಗೆದುಕೊಂಡರು. ಕೆಂಪು ಎಡಗೈಗೆ, ಹಳದಿ ಬಲಗೈಗೆ. ನಾನು ಈ ಆಸ್ಪತ್ರೆಗೆ ಸೇರಿದ ಮೇಲೆ ಅವರು ಕ್ಲಿಪ್ಪು ಮುಟ್ಟಿದ್ದನ್ನು ನೋಡಿದ್ದು ಅದೇ ಮೊದಲು. ಪಟ್ಟಿ ಬಂತು. ಎರಡು ಫೋನಿನವನು ಅದರ ಫೋಟೋ ತೆಗೆದುಕೊಂಡ. ನಾನು ಗಾಡಿ ತಳ್ಳಿಕೊಂಡು ಈಚೆ ಬಂದೆ, ಬೇರೆ ಮೂರು ರೋಗಿಗಳು ನನಗಾಗಿ ಕಾಯುತ್ತಿದ್ದರು.

ಮಧ್ಯಾಹ್ನ ಹೊರರೋಗಿಗಳು ಕೂರುವ ಹಾಲಿನ ಟೀವಿಯಲ್ಲಿ ಎಲ್ಲವನ್ನೂ ತೋರಿಸಿದರು. ನನ್ನ ತಮ್ಮನ ಹೃದಯದ ಪಟ್ಟಿ ಪರದೆಯ ತುಂಬ ಇತ್ತು. ಅದರ ಮೇಲೆ ಒಬ್ಬ ತಜ್ಞರು ಕಡ್ಡಿ ಇಟ್ಟು, ಗೆರೆ ಎಲ್ಲಿ ಬಿದ್ದಿದೆ ಎಂದು ಚಿಂತೆಯಿಂದ ವಿವರಿಸಿದರು. ಆಮೇಲೆ ಮತ ನಡೆಯಿತು. ಮಸೂದೆ ಎರಡು ಮತದಿಂದ ಬಿತ್ತು. ಅದರ ಪರವಾಗಿ ಮಾತಾಡಿದ್ದ ನಾಲ್ಕು ಜನ ಬಂದಿರಲಿಲ್ಲ. ಒಬ್ಬನಿಗೆ ಎದೆನೋವು, ಒಬ್ಬನ ತಾಯಿಗೆ ಹುಷಾರಿಲ್ಲ, ಒಬ್ಬನ ವಿಮಾನ ತಡ, ಇನ್ನೊಬ್ಬ ವಿದೇಶದಲ್ಲಿ ಕಾರ್ಮಿಕರ ಆರೋಗ್ಯದ ಸಮ್ಮೇಳನಕ್ಕೆ ಹೋಗಿದ್ದ. ಧಣಿಗಳು ಒಂದೇ ಹೃದಯ ನಂಬಿಕೊಂಡು ಕೂರುವಷ್ಟು ದಡ್ಡರಲ್ಲ.

ಡ್ಯೂಟಿ ಮುಗಿಸಿ ನಾನು ಗೇಟಿನ ಹತ್ತಿರ ಬಂದಾಗ ಮಿಲ್ಲಿನವರು ನಿಂತಿದ್ದರು. ಐವತ್ತು ಅರವತ್ತು ಜನ ಇರಬಹುದು. ಸಿಟ್ಟಿನಿಂದ ಬಂದಿದ್ದಾರೆ ಎಂದುಕೊಂಡೆ. ಹಾಗೆಂದುಕೊಂಡು ನನಗೆ ಧೈರ್ಯವೂ ಬಂತು. ನೋಡಿದರೆ ಎಲ್ಲರ ಕೈಯಲ್ಲೂ ಹಣ್ಣಿನ ಚೀಲ. ಮುಂದೆ, ಟೀ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನನ್ನ ಗಂಡ ಕೂತಿದ್ದರು. ಕರೆಂಟು ಹೋದಾಗ ಬೇಕಾಗುತ್ತದೆಂದು ಮನೆಯಲ್ಲಿಟ್ಟಿದ್ದ ಆಮ್ಲಜನಕದ ಚಿಕ್ಕ ಸಿಲಿಂಡರು ತೊಡೆಯ ಮೇಲಿತ್ತು, ಅದರ ಮಾಸ್ಕು ಮೂಗಿನ ಮೇಲಿತ್ತು. ಯಾರದೋ ಸಾಮಾನಿನ ಆಟೋದಲ್ಲಿ ಅವರನ್ನು ಕರೆತಂದಿದ್ದರು.

"ಹೇಗಿದ್ದಾನೆ?" ಎಂದರು. ಅವರ ಮುಖ ಬೆಳ್ಳಗಾಗಿತ್ತು.

ಹಿಂದಿನಿಂದ ಮಿಲ್ಲಿನ ಹಳೆಯ ಮೇಸ್ತ್ರಿ ಹೇಳಿದ, "ಮಸೂದೆ ಹೋದ್ರೆ ಹೋಗ್ಲಿ ಕಣಮ್ಮ. ಲೀಡರ್ ಉಳಿದ್ರೆ ಇನ್ನೊಂದು ತರ್ತಾರೆ. ಹೃದಯ ಹೇಗಿದೆ? ಪಟ್ಟಿ ನೀವೇ ತೆಗೆದ್ರಂತಲ್ಲ?"

"ಅವನ ಹೃದಯಕ್ಕೆ ಏನೂ ಆಗಿಲ್ಲ" ಎಂದೆ.

ಗುಂಪು ಒಮ್ಮೆಲೇ ಉಸಿರು ಬಿಟ್ಟಿತು. ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಮೇಸ್ತ್ರಿ ಕೈಯೆತ್ತಿ "ಲೀಡರ್‌ಗೆ" ಎಂದ, ಉಳಿದವರು "ಜಯವಾಗಲಿ" ಎಂದರು. ಆ ಕೂಗಿಗೆ ಅರ್ಧ ಜನಕ್ಕೆ ಕೆಮ್ಮು ಬಂತು. ಅವರು ಕೆಮ್ಮಿ ಮುಗಿಸುವ ತನಕ ನಾನು ಕಾದೆ.

"ಏನೂ ಆಗಿಲ್ಲ ಅಂದ್ರೆ ಏನೂ ಆಗಿಲ್ಲ. ಎದೆನೋವೇ ಇರಲಿಲ್ಲ. ಮತ ಹಾಕ್ಬಾರ್ದು ಅಂತ ಬಂದು ಮಲಗಿದ್ದಾನೆ. ಟೀವಿಲಿ ತೋರಿಸಿದ್ದು ಸುಳ್ಳು ಪಟ್ಟಿ. ಅವನ ಚುನಾವಣೆಗೆ ದುಡ್ಡು ಹಾಕಿದ್ದು ನಿಮ್ಮ ಧಣಿಗಳು. ನನ್ನ ಮುಂದೆ ಅವನೇ ಒಪ್ಕೊಂಡ."

ಟೀ ಅಂಗಡಿಯವನು ಸಕ್ಕರೆ ಕಲಕುವುದನ್ನು ನಿಲ್ಲಿಸಿದ. ನನ್ನ ಗಂಡ ನನ್ನನ್ನೇ ನೋಡುತ್ತಿದ್ದರು, ಕೇಳಿದ್ದು ಅರ್ಥವಾಗದವರ ಹಾಗೆ. ಗುಂಪಿನಿಂದ ಒಬ್ಬಳು ಮುಂದೆ ಬಂದಳು. ಮಿಲ್ಲಿನಲ್ಲಿ ಚೀಲದ ಬಾಯಿ ಹೊಲಿಯುವವಳು. ಅವಳ ಗಂಡನೂ ಅರೆಯುವ ಕೋಣೆಯವನು, ಹೋದ ವರ್ಷ ತೀರಿಕೊಂಡ.

"ನೀವು ಹೇಳಿದ್ದು ನಿಜ ಇರಬಹುದು ಅಕ್ಕ" ಎಂದಳು. ದನಿಯಲ್ಲಿ ಕುಹಕವಿರಲಿಲ್ಲ. "ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಮ್ಮ ಯಜಮಾನ್ರು ಕೊನೆಗೆ ಉಸಿರಿಗೆ ಬಾಯಿ ಬಾಯಿ ಬಿಟ್ಕೊಂಡು ಹೋದ್ರು. ನಿಮ್ಮನೆಗೆ ಮೆಷಿನ್ ಬಂತು. ಲೀಡರ್ ಜೀಪಲ್ಲೇ ಬಂದಿದ್ದು, ಬೀದಿಯೋರೆಲ್ಲ ನೋಡಿದ್ವಿ. ಅದು ಯಾರ ದುಡ್ಡು?"

ಕೇಳುವ ಹಕ್ಕು ಅವಳಿಗೆ ಇತ್ತು. ಒಂದೇ ಮಾತು ಹೇಳಬೇಕಿತ್ತು, ಅದೂ ಧಣಿಗಳದೇ ಎಂದು. ಹೇಳಿದ್ದರೆ ನನ್ನ ಉಳಿದ ಮಾತನ್ನೂ ಅವರು ನಂಬುತ್ತಿದ್ದರು. ಅರವತ್ತು ಜನವೂ ಮೆಟ್ಟಿಲು ಹತ್ತಿ ಆ ಕೊನೆಯ ಕೋಣೆಯ ಬಾಗಿಲು ತಟ್ಟುತ್ತಿದ್ದರು. ಆದರೆ ಕುರ್ಚಿಯ ಮೇಲೆ ಕೂತ ಮನುಷ್ಯ ನನಗೆ ಗೊತ್ತು. ಮಿಲ್ಲಿನಲ್ಲಿ ಧಣಿ ಕೊಡಿಸಿದ ಟೀಯನ್ನೂ ಮುಟ್ಟದೆ ಬಂದವರು. ಈ ಮಾತು ಅವರ ಕಿವಿಗೆ ಬಿದ್ದರೆ ಇವತ್ತು ಸಂಜೆಯೇ ಕೊಳವೆ ಕಿತ್ತಿಡುತ್ತಾರೆ. ಎರಡನೇ ದಿನದ ಬೆಳಕು ನೋಡುವುದಿಲ್ಲ.

"ನನ್ನ ಸಂಬಳದ್ದು" ಎಂದೆ. "ಕಂತಿನಲ್ಲಿ ತಗೊಂಡಿದ್ದು. ಅವನು ಜೀಪಲ್ಲಿ ತಂದ್ಕೊಟ್ಟ ಅಷ್ಟೇ."

ಎಷ್ಟು ಸಲೀಸಾಗಿ ಬಂತು! ತಮ್ಮನಿಗಾದರೂ ಹೆಬ್ಬೆರಳು ಏಳುತ್ತಿತ್ತು. ನನ್ನ ಮೈಯಲ್ಲಿ ಒಂದು ರೋಮವೂ ಏಳಲಿಲ್ಲ.

ಚೀಲ ಹೊಲಿಯುವವಳು ನನ್ನನ್ನು ಬಿಟ್ಟು ನನ್ನ ಗಂಡನ ಕಡೆ ತಿರುಗಿದಳು. ಅವರು ಸುಳ್ಳಾಡುವವರಲ್ಲ ಎಂದು ಇಡೀ ಮಿಲ್ಲಿಗೆ ಗೊತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ನಿಂತು ತಬ್ಬಿಕೊಂಡದ್ದು ಅವರಿಗೆ ನೆನಪಿತ್ತು. ಕಂತು ಗಿಂತು ಏನೂ ಇಲ್ಲ ಎಂದು ಗೊತ್ತಿತ್ತು. ನಾನು ಯಾಕೆ ಸುಳ್ಳು ಹೇಳಿದೆ ಎಂಬುದು ಅವರಿಗೆ ಹೊಳೆದದ್ದನ್ನು ನಾನು ಕಣ್ಣಾರೆ ಕಂಡೆ. ಹೆಗಲು ಒಂದಿಷ್ಟು ಕೆಳಗಿಳಿಯಿತು. ಮೂಗಿನ ಮೇಲಿನ ಮಾಸ್ಕು ಸರಿಸಿ, ಗಾಳಿ ಎಳೆದುಕೊಂಡು ಹೇಳಿದರು.

"ಹೌದು. ಅವಳ ಸಂಬಳದ್ದೇ."

ಚೀಲ ಹೊಲಿಯುವವಳು ತಲೆಯಾಡಿಸಿದಳು. ನಂಬಿದೆ ಎಂದಲ್ಲ, ಗೊತ್ತಾಯಿತು ಎಂದು. ಅವಳು ಹಣ್ಣಿನ ಚೀಲವನ್ನು ಪಕ್ಕದವಳ ಕೈಗೆ ಕೊಟ್ಟು, ಯಾರಿಗೂ ಹೇಳದೆ ರಸ್ತೆ ದಾಟಿ ಹೋದಳು. ಮೇಸ್ತ್ರಿ ನನ್ನ ಹತ್ತಿರ ಬಂದು, ತಂದೆಯ ಹಾಗೆ ಮೆಲ್ಲಗೆ ಬುದ್ಧಿ ಹೇಳಿದ.

"ಮಾತು ಮನೆ ಕೆಡಿಸಿತು ಅಂತಾರೆ ಕಣಮ್ಮ. ಅಕ್ಕ ತಮ್ಮನ ಮಧ್ಯ ಏನೋ ಬಂದಿದೆ, ಬರುತ್ತೆ ಹೋಗುತ್ತೆ. ಬೀದಿಲಿ ನಿಂತು ಅಂಥಾ ಮಾತಾಡ್ಬೇಡಿ."

ಆಮೇಲೆ ಅವರೆಲ್ಲ ಸಾಲಾಗಿ ಒಳಗೆ ಹೋದರು, ಲೀಡರನ್ನು ನೋಡಲು. ಮೆಟ್ಟಿಲಿನ ಮೇಲೆ ನಿಂತು ನಿಂತು ಹತ್ತಿದರು. ಕೆಮ್ಮು ಮೊದಲ ಮಹಡಿಯಿಂದ ಕೇಳಿಸಿತು, ಆಮೇಲೆ ಎರಡನೆಯದರಿಂದ.

ಗೇಟಿನಲ್ಲಿ ನಾವಿಬ್ಬರೇ ಉಳಿದೆವು. ನಾನು ಅವರ ಮುಖ ನೋಡಲಾರದೆ ಸಿಲಿಂಡರಿನ ಮುಳ್ಳನ್ನು ನೋಡುತ್ತ ನಿಂತೆ. ಬೈಯಲಿ, ಕೇಳಲಿ, ಏನಾದರೂ ಅನ್ನಲಿ ಎಂದು ಕಾದೆ. ಅವರು ಕುರ್ಚಿಯ ಕೈ ಹಿಡಿದು ಏಳಲು ನೋಡಿದರು, ಆಗಲಿಲ್ಲ, ನನ್ನ ತೋಳು ಹಿಡಿದು ಎದ್ದರು.

"ಬೇಗ ಮನೆಗೆ ಹೋಗೋಣ ನಡಿ" ಎಂದರು. "ಇದರಲ್ಲಿ ಗಾಳಿ ಮುಗೀತಾ ಬಂತು."